ಜೋಡಿ ಸೈಕಲಿನ ಮುಂದಿನ ಸೀಟು

ಡ್ರೈವರಮ್ಮನ ಬಸ್ಸು ಹತ್ತಿದವರಿಗೆ ಎರಡು ವಿಷಯ ಖಂಡಿತ. ಹೊತ್ತಿಗೆ ಸರಿಯಾಗಿ ತಲುಪುತ್ತೀರಿ, ತಲುಪುವ ಮೊದಲು ಒಂದು ಸಲವಾದರೂ ಬೈಸಿಕೊಳ್ಳುತ್ತೀರಿ. ಬಾಗಿಲಲ್ಲಿ ನೇತಾಡುವವರಿಗೆ, ಮೆಟ್ಟಿಲ ಮೇಲೆ ನಿಂತು ಜೇಬು ತಡಕುವವರಿಗೆ, ಸ್ಟಾಪು ದಾಟಿದ ಮೇಲೆ ‘ಅಯ್ಯೋ, ನಂದು ಇದೇ’ ಅನ್ನುವವರಿಗೆ, ಎಲ್ಲರಿಗೂ ಅವಳ ಹತ್ತಿರ ಬೇರೆ ಬೇರೆ ಬೈಗುಳವಿತ್ತು. ಬೈಗುಳವೆಂದರೆ ಕೆಟ್ಟ ಮಾತಲ್ಲ, ಮನೆಯ ಹಿರಿಯಕ್ಕ ಗದರಿದ ಹಾಗೆ. ಯಾವತ್ತಾದರೂ ಅವಳು ಸುಮ್ಮನಿದ್ದರೆ ಪ್ರಯಾಣಿಕರೇ ಮುಂದೆ ಬಗ್ಗಿ, ‘ಯಾಕಮ್ಮ, ಮೈಯಲ್ಲಿ ಹುಷಾರಿಲ್ವಾ?’ ಎಂದು ಕೇಳುತ್ತಿದ್ದರು.

ಅಷ್ಟು ಬಾಯಿದ್ದವಳು ಬಸ್ಸಿನೊಳಗೆ ಮಾತು ಕೇಳುತ್ತಿದ್ದುದು ಒಬ್ಬನದು, ಕಂಡಕ್ಟರನದು. ಅವನು ಹಗ್ಗ ಜಗ್ಗಿದರೆ ಅವಳ ತಲೆಯ ಹತ್ತಿರ ಬೆಲ್ಲು ‘ಟಿಣ್’ ಅನ್ನುತ್ತಿತ್ತು, ಅವಳ ಬಲಗಾಲು ತಾನೇ ಆಕ್ಸಿಲರೇಟರಿನಿಂದ ಏಳುತ್ತಿತ್ತು. ಇಳಿಯುವವರು ಇಳಿದು ಹತ್ತುವವರು ಹತ್ತಿದ ಮೇಲೆ ಹಿಂದಿನಿಂದ ‘ರೈಟ್, ರೈಟ್’ ಎಂಬ ಕೂಗು ಬರುತ್ತಿತ್ತು, ಕಾಲು ಮತ್ತೆ ಕೆಳಗಿಳಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಹೀಗೇ. ಈ ವ್ಯವಹಾರ ಕಿವಿಗೂ ಕಾಲಿಗೂ ನೇರವಾಗಿ ನಡೆಯುತ್ತಿತ್ತು, ನಡುವೆ ತಲೆಗೆ ಕೆಲಸವಿರಲಿಲ್ಲ.

ಇನ್ನು ಅವಳ ನಾದಿನಿ. ಗಂಡನ ತಂಗಿ, ಹುಟ್ಟಿನಿಂದ ಕಣ್ಣು ಕಾಣದವಳು. ಆಸ್ಪತ್ರೆಯಲ್ಲಿ ಕೈಕಾಲು ನೋವಿನವರಿಗೆ ಮಾಲೀಸು ಮಾಡುವುದು ಅವಳ ಕೆಲಸ. ಬೆರಳಿಟ್ಟರೆ ಸಾಕು, ನೋವು ಎಲ್ಲಿ ಅಡಗಿದೆಯೆಂದು ಹೇಳಿಬಿಡುತ್ತಿದ್ದಳು. ಆದರೆ ಮನೆಯವರು ಮಾತ್ರ ಅವಳ ಜೊತೆ ಗಾಜಿನ ಸಾಮಾನು ಎತ್ತಿಡುವವರ ಹಾಗೆ ನಡೆದುಕೊಳ್ಳುತ್ತಿದ್ದರು. ಅವಳು ತಪ್ಪು ಮಾಡಿದರೆ ತಪ್ಪು ಅನ್ನುತ್ತಿರಲಿಲ್ಲ, ಉಪ್ಪು ಹೆಚ್ಚು ಹಾಕಿದರೆ ನೀರು ಕುಡಿದು ಸುಮ್ಮನಾಗುತ್ತಿದ್ದರು.

ಡ್ರೈವರಮ್ಮ ಮದುವೆಯಾಗಿ ಬಂದ ವಾರವೇ ಅದಕ್ಕೆಲ್ಲ ತೆರೆ ಬಿತ್ತು. ನಾದಿನಿ ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನು ಹೊಸ ಹಾಸಿಗೆಯ ಮೇಲೆ ಎಸೆದಳು. ಯಾವತ್ತೂ ಎಸೆಯುತ್ತಿದ್ದುದೇ. ‘ಕಣ್ಣು ಕಾಣಲ್ಲ, ಸರಿ ಕಣೇ. ಒದ್ದೆ ಅಂತ ಕೈಗೂ ಗೊತ್ತಾಗಲ್ವಾ?’ ಎಂದಳು ಡ್ರೈವರಮ್ಮ. ಅಡುಗೆಮನೆಯಲ್ಲಿದ್ದ ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಗಂಡ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದ. ನಾದಿನಿ ಮಾತ್ರ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಟವೆಲು ತೆಗೆದುಕೊಂಡು ಹೋಗಿ ಒಣಗಲು ಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಅತ್ತಿಗೆ ನಾದಿನಿಯರ ಜಗಳ ನಡೆಯದ ದಿನವಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಊಟಕ್ಕೆ ಕೂತ ದಿನವೂ ಇಲ್ಲ.

ಜೋಡಿ ಸೈಕಲಿನ ಹುಚ್ಚು ಮೊದಲು ಹಿಡಿದದ್ದು ಗಂಡನಿಗೆ. ಅವನು ದರ್ಜಿ, ಸ್ವಭಾವದಲ್ಲಿ ಬಲು ಮೆತ್ತಗಿನವನು. ಎರಡು ಸೀಟು, ಎರಡು ಜೊತೆ ಪೆಡಲಿನ ಹಳೆಯ ಸೈಕಲೊಂದನ್ನು ಎಲ್ಲಿಂದಲೋ ತಂದು, ತಂಗಿಯನ್ನು ಹಿಂದೆ ಕೂರಿಸಿಕೊಂಡು ಸಂಜೆಹೊತ್ತು ಕೆರೆ ಸುತ್ತುತ್ತಿದ್ದ. ತಂಗಿಗೆ ಕೆರೆ ಸಾಲದಾಯಿತು. ಮುಖಕ್ಕೆ ಗಾಳಿ ಹೊಡೆಯಬೇಕು, ಇನ್ನೂ ಜೋರಾಗಿ ಹೋಗಬೇಕು ಎಂದು ಹಟ ಹಿಡಿದಳು. ಊರಿನ ಕ್ರೀಡಾಂಗಣದಲ್ಲಿ ಮರದ ಹಲಗೆ ಹೊದಿಸಿದ ಸೈಕಲ್ ಟ್ರ್ಯಾಕ್ ಇತ್ತು. ತಿರುವುಗಳಲ್ಲಿ ನೆಲ ಗೋಡೆಯ ಹಾಗೆ ಎದ್ದು ನಿಂತಿರುವ ಟ್ರ್ಯಾಕು ಅದು, ಜೋರಾಗಿ ಹೋದರೆ ಮಾತ್ರ ಮೇಲೆ ನಿಲ್ಲುತ್ತೀರಿ, ಹೆದರಿ ನಿಧಾನ ಮಾಡಿದರೆ ಜಾರಿ ಕೆಳಗೆ ಬರುತ್ತೀರಿ. ಗಂಡ ಮೊದಲ ತಿರುವಿಗೇ ಕಣ್ಣು ಮುಚ್ಚಿಕೊಂಡ.

ಕಂಬಿಯ ಪಕ್ಕ ನಿಂತು ನೋಡುತ್ತಿದ್ದ ಡ್ರೈವರಮ್ಮ, ‘ಹಿಂದಿನವಳಿಗೆ ಕಾಣಲ್ಲ, ಮುಂದಿನವನು ನೋಡಲ್ಲ, ಸೈಕಲಿಗೆ ದೇವರೇ ಗತಿ’ ಎಂದಳು. ಹೇಗೋ ಕೆಳಗಿಳಿದು ಬಂದ ಗಂಡ, ‘ನಂದೇನೂ ತಪ್ಪಿಲ್ಲ, ಟ್ರ್ಯಾಕೇ ವಾರೆ ಇದೆ’ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಿ ಡ್ರೈವರಮ್ಮ ಅವನ ತಲೆಯಿಂದ ಹೆಲ್ಮೆಟ್ ಕಿತ್ತು ತಾನು ಹಾಕಿಕೊಂಡಳು. ಮುಂದಿನ ಸೀಟು ಅವಳದಾದದ್ದು ಹೀಗೆ. ಗಂಡ ಅಂದಿನಿಂದ ಇಬ್ಬರಿಗೂ ಮೈಗಂಟಿದ ರೇಸಿನ ಬಟ್ಟೆ ಹೊಲಿಯುವ ಕೆಲಸಕ್ಕೆ ನಿಂತ.

ಟ್ರ್ಯಾಕಿನ ಸೈಕಲಿಗೆ ಬ್ರೇಕಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಜೋಡಿ ಸೈಕಲಿನಲ್ಲಿ ಎರಡು ಪೆಡಲೂ ಒಂದೇ ಚೈನಿನಿಂದ ಗಂಟುಬಿದ್ದಿರುವುದರಿಂದ ಒಬ್ಬಳು ತುಳಿದರೆ ಇಬ್ಬರ ಕಾಲೂ ತಿರುಗುತ್ತದೆ, ಒಬ್ಬಳು ಸೋತರೆ ಇಬ್ಬರಿಗೂ ಗೊತ್ತಾಗುತ್ತದೆ. ಮೊದಲ ವರ್ಷ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕತೆಯೇ. ಡ್ರೈವರಮ್ಮ ಸುತ್ತು ಪೂರ್ತಿ ಬೈಯುತ್ತಾ ತುಳಿಯುವಳು, ನಾದಿನಿ ಹಿಂದಿನಿಂದ ಉತ್ತರ ಕೊಡುತ್ತಾ ತುಳಿಯುವಳು. ತರಬೇತಿ ಕೊಡುತ್ತಿದ್ದ ಮೇಷ್ಟ್ರು, ಕತ್ತಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ಸಣಕಲು ಮನುಷ್ಯ, ‘ನಿಮ್ಮಿಬ್ಬರ ಅರ್ಧ ಉಸಿರು ಬಾಯಲ್ಲೇ ಹೋಗ್ತಿದೆ’ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಆದರೂ ಬಸ್ಸಿನ ಪಾಳಿ ಮುಗಿಸಿ, ಆಸ್ಪತ್ರೆಯ ಪಾಳಿ ಮುಗಿಸಿ, ಐದು ವರ್ಷ ಬಿಡದೆ ತುಳಿದರು. ದೇಶದೊಳಗೆ ಅವರನ್ನು ಸೋಲಿಸುವ ಜೋಡಿ ಇಲ್ಲದಾಯಿತು. ಅಷ್ಟರಲ್ಲಿ ಕಣ್ಣು ಕಾಣದವರು ಹಿಂದೆ ಕೂತು ತುಳಿಯುವ ಜೋಡಿ ಸೈಕಲಿನ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ ಅವರ ಊರಿನ ಟ್ರ್ಯಾಕಿಗೇ ನಡೆದು ಬಂತು.

ನಾದಿನಿಗೆ ಒಂದು ಪದಕ ಬೇಕಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. ‘ಬಣ್ಣ ಯಾವುದಾದ್ರೂ ಆಗ್ಲಿ, ನನಗೆ ಹೇಗೂ ಗೊತ್ತಾಗಲ್ಲ. ತೂಕ ಇರ್ಬೇಕು ಅಷ್ಟೇ’ ಅನ್ನುತ್ತಿದ್ದಳು. ಆ ಪದಕವನ್ನು ತಂದು ಅವಳ ಕೈಗಿಡುವುದು ತನ್ನ ಕೆಲಸ ಎಂದು ಡ್ರೈವರಮ್ಮ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು. ವಯಸ್ಸು ನಲವತ್ತು ದಾಟಿತ್ತು, ಇನ್ನೊಂದು ಚಾಂಪಿಯನ್‌ಷಿಪ್‌ವರೆಗೆ ಕಾಲು ಕೇಳುತ್ತದೆಂಬ ಭರವಸೆ ಇರಲಿಲ್ಲ.

ಬೆಳಗ್ಗೆ ಅರ್ಹತಾ ಸುತ್ತು. ಎರಡು ಜೋಡಿಗಳು ಟ್ರ್ಯಾಕಿನ ಎದುರುಬದುರು ಕಡೆಯಿಂದ ಹೊರಟು ಹನ್ನೆರಡು ಸುತ್ತು ಹೊಡೆಯಬೇಕು. ಸಮಯದ ಲೆಕ್ಕದಲ್ಲಿ ಮೊದಲ ಎರಡು ಜೋಡಿ ಸಂಜೆ ಚಿನ್ನಕ್ಕೆ ಸ್ಪರ್ಧಿಸುತ್ತವೆ, ಮೂರನೆಯದೂ ನಾಲ್ಕನೆಯದೂ ಕಂಚಿಗೆ. ಡ್ರೈವರಮ್ಮನ ಬಸ್ಸಿನ ಕಂಡಕ್ಟರು ಡಿಪೋದ ಅರ್ಧ ಜನರನ್ನು ಹೊರಡಿಸಿಕೊಂಡು ಬಂದು ಮೇಲಿನ ಸಾಲಿನಲ್ಲಿ ಕೂತಿದ್ದ. ಹನ್ನೊಂದನೆಯ ಸುತ್ತು ಮುಗಿಯುವವರೆಗೆ ಇವರು ಎರಡನೆಯ ಸ್ಥಾನದಲ್ಲಿದ್ದರು. ಮೇಷ್ಟ್ರ ಮುಖದಲ್ಲಿ ಹಲ್ಲು ಕಾಣಿಸಿತು, ಅದು ಅಪರೂಪದ ದೃಶ್ಯ.

ಆಗ ಕೊನೆಯ ಸುತ್ತಿನ ಬೆಲ್ ಹೊಡೆಯಿತು. ಮುಕ್ತಾಯದ ಗೆರೆಯ ಪಕ್ಕ ನಿಂತ ಅಧಿಕಾರಿ ಹಿತ್ತಾಳೆಯ ಗಂಟೆಯನ್ನು ಅವರ ಕಿವಿಯ ಹತ್ತಿರವೇ ಬಾರಿಸಿದ. ಡ್ರೈವರಮ್ಮನ ಕಾಲು ಸಡಿಲವಾಯಿತು.

ಒಂದು ಕ್ಷಣ, ಅಷ್ಟೇ. ತಲೆ ‘ತುಳಿಯೇ’ ಎಂದು ಕೂಗಿಕೊಳ್ಳುತ್ತಿತ್ತು, ಕಾಲು ತನ್ನ ಪಾಡಿಗೆ ಸ್ಟಾಪು ಬಂತೆಂದು ತಿಳಿದಿತ್ತು. ಹಿಂದೆ ನಾದಿನಿಯ ಕಾಲು ಒಂಟಿಯಾಗಿ ಎಳೆಯಿತು, ಸೈಕಲು ಸಣ್ಣಗೆ ನಡುಗಿತು, ಓಟದ ಲಯ ಹರಿದುಹೋಯಿತು. ಮತ್ತೆ ಹೊಂದಿಸಿಕೊಂಡು ಗೆರೆ ಮುಟ್ಟುವ ಹೊತ್ತಿಗೆ ಎರಡನೆಯ ಸ್ಥಾನ ಹೋಗಿ ನಾಲ್ಕನೆಯದಾಗಿತ್ತು. ಚಿನ್ನ ಬೆಳ್ಳಿ ಎರಡೂ ಕೈಬಿಟ್ಟವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾಯಿಯ ಹತ್ತಿರ ಬಂದ ತುತ್ತನ್ನು ಕಾಲೇ ಒದ್ದಿತ್ತು.

ಟ್ರ್ಯಾಕಿನ ಪಕ್ಕದ ಆಟಗಾರರ ಕೋಣೆಗೆ ಬಂದ ಮೇಲೆ ಮೇಷ್ಟ್ರು ಮಂಡಿಯೂರಿ ಚೈನು ನೋಡಿದರು, ಪೆಡಲು ನೋಡಿದರು, ಚಕ್ರವನ್ನು ಗಿರ್ರೆಂದು ತಿರುಗಿಸಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಅಭ್ಯಾಸದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ ಎಂದು ಅವರು ಗೊಣಗುತ್ತಿರುವಾಗ ಕಂಡಕ್ಟರು ಏದುಸಿರು ಬಿಡುತ್ತಾ ಕೆಳಗಿಳಿದು ಬಂದ.

‘ಸಾರ್, ಅಭ್ಯಾಸದಲ್ಲಿ ಬೆಲ್ ಹೊಡೀತಿದ್ರಾ?’

‘ಇಲ್ಲ. ಕೈ ಎತ್ತಿ ತೋರಿಸ್ತಿದ್ದೆ. ದೇಶದ ಸ್ಪರ್ಧೇಲೂ ಬಾವುಟ ಬೀಸ್ತಾರೆ, ಅಷ್ಟೇ. ಯಾಕೆ?’

‘ಹಂಗಾದ್ರೆ ಚೈನಿಂದೇನೂ ತಪ್ಪಿಲ್ಲ ಸಾರ್, ತಪ್ಪೆಲ್ಲ ನಂದೇ. ಇಷ್ಟು ವರ್ಷ ಟಿಣ್ ಅನ್ನಿಸಿ ನಿಲ್ಲಿಸಿದ್ದು ನಾನು. ಅಮ್ಮಾವ್ರ ಕಾಲಿಗೆ ಈ ಬೆಲ್ ಬೇರೆ, ಆ ಬೆಲ್ ಬೇರೆ ಅಂತ ಯಾರು ಹೇಳಿಕೊಟ್ಟಿದ್ರು?’

ಗಂಡ ಬಾಯಿಗೆ ಕೈ ಅಡ್ಡ ಹಿಡಿದ, ನಾದಿನಿ ಹೊಟ್ಟೆ ಹಿಡಿದು ಕೂತಳು, ಮೇಷ್ಟ್ರು ಕೂಡ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸಿದರು. ನಗಲಿಲ್ಲವೆಂದರೆ ಡ್ರೈವರಮ್ಮ ಒಬ್ಬಳೇ. ಬೈಯಲೂ ಇಲ್ಲ. ಬೆಂಚಿನ ಮೇಲೆ ಕೂತು ಬೂಟಿನ ಪಟ್ಟಿ ಬಿಚ್ಚಿದಳು.

ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಸಂಜೆಯೂ ಬೆಲ್ ಹೊಡೆಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇದು ಹುಟ್ಟುಗುಣವಲ್ಲದಿದ್ದರೂ ಇಪ್ಪತ್ತು ವರ್ಷ ಮೈಗೆ ಹತ್ತಿದ್ದು ಒಂದು ಮಧ್ಯಾಹ್ನದಲ್ಲಿ ಎಲ್ಲಿಗೆ ಹೋಗುತ್ತದೆ? ಉಳಿದಿರುವುದು ಒಂದು ಕಂಚು. ಅದನ್ನೂ ತಾನೇ ಕೈಯಾರೆ ಕಳೆದರೆ ಜೀವಮಾನವಿಡೀ ನಾದಿನಿಯ ಎದುರು ಊಟಕ್ಕೆ ಕೂರುವುದು ಹೇಗೆ? ತಂಡದಲ್ಲಿ ಒಬ್ಬಳು ಹೆಚ್ಚುವರಿ ಪೈಲಟ್ ಇದ್ದಳು. ಜೋಡಿ ಸೈಕಲಿನಲ್ಲಿ ಮುಂದೆ ಕೂರುವವರನ್ನು ಪೈಲಟ್ ಅನ್ನುತ್ತಾರೆ. ಇಪ್ಪತ್ತಮೂರರ ಹರೆಯ, ತೊಡೆಯೆಂದರೆ ತೇಗದ ಕಂಬ, ಜನ್ಮದಲ್ಲಿ ಬಸ್ಸು ಓಡಿಸಿದವಳಲ್ಲ. ಆದರೆ ನಿಯಮದ ಪ್ರಕಾರ ಸುತ್ತುಗಳ ನಡುವೆ ಪೈಲಟ್ ಬದಲಾಗಬೇಕಾದರೆ ಒಂದೇ ದಾರಿ, ಮೊದಲನೆಯವಳಿಗೆ ಪೆಟ್ಟಾಗಿದೆಯೆಂದು ವೈದ್ಯರು ಹೇಳಬೇಕು.

‘ಮೇಷ್ಟ್ರೇ, ನನಗೆ ಮಂಡಿ ನೋಯ್ತಿದೆ’ ಎಂದಳು ಡ್ರೈವರಮ್ಮ.

ಐದು ವರ್ಷದಲ್ಲಿ ಅವಳ ಬಾಯಿಂದ ‘ನೋವು’ ಎಂಬ ಪದ ಕೇಳದ ಮೇಷ್ಟ್ರು ಗಾಬರಿಯಾಗಿ ವೈದ್ಯರನ್ನು ಕರೆಯಲು ಓಡಿದರು. ಗಂಡ ಐಸು ತರಲು ಓಡಿದ. ಕಂಡಕ್ಟರು ಸುಮ್ಮನೆ ಓಡಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಕೋಣೆಯಲ್ಲಿ ಉಳಿದವರು ಇಬ್ಬರೇ. ನಾದಿನಿ ಬೆಂಚನ್ನು ತಡವುತ್ತಾ ಬಂದು ನೆಲದ ಮೇಲೆ ಕೂತಳು.

‘ಎಲ್ಲಿ, ಕಾಲು ಕೊಡು ಅತ್ತಿಗೆ.’

‘ಬೇಡ ಬಿಡೇ. ಡಾಕ್ಟ್ರು ಬರ್ತಾರೆ.’

‘ಡಾಕ್ಟ್ರು ಬರೋ ತನಕ ನಾನು ನೋಡ್ತೀನಿ. ಯಾವ ಮಂಡಿ?’

‘ಬಲಗಡೇದು.’

ನಾದಿನಿಯ ಬೆರಳುಗಳು ಮಂಡಿಚಿಪ್ಪಿನ ಸುತ್ತ ನಿಧಾನವಾಗಿ ನಡೆದವು. ಕೆಳಗೆ ಒತ್ತಿದಳು, ಪಕ್ಕದಲ್ಲಿ ಒತ್ತಿದಳು, ಮಡಿಸಿದಳು, ನೀಡಿದಳು. ಹೊರಗೆ ಬೇರೆ ಯಾವುದೋ ಸ್ಪರ್ಧೆಗೆ ಜನ ಕೂಗುವುದು ಗೋಡೆಯ ಮೂಲಕ ಕೇಳುತ್ತಿತ್ತು. ಸರಿಯಾದ ಜಾಗದಲ್ಲಿ ‘ಅಮ್ಮಾ’ ಅನ್ನಬೇಕೆಂದು ಡ್ರೈವರಮ್ಮನಿಗೆ ಹೊಳೆದದ್ದು ತಡವಾಗಿ, ಅಂದದ್ದು ತಪ್ಪು ಜಾಗದಲ್ಲಿ.

‘ಅಲ್ಲಿ ನರಾನೇ ಇಲ್ಲ, ನೋಯೋಕೆ’ ಎಂದಳು ನಾದಿನಿ. ‘ಯಾರ ಕಿವಿ ಮೇಲೆ ಹೂವಿಡ್ತಿದ್ದೀಯ? ದಿನಾ ಇಂಥವು ಎಷ್ಟು ಮಂಡಿ ನೋಡ್ತೀನಿ ನಾನು. ಇದು ಇನ್ನೂ ಹತ್ತು ವರ್ಷ ಓಡೋ ಮಂಡಿ.’

ಡ್ರೈವರಮ್ಮನ ಕಣ್ಣು ತುಂಬಿ ಬಂತು. ‘ಆ ಹುಡುಗಿ ಜೊತೆ ಹೋಗೇ. ಅವಳ ಕಾಲಿಗೆ ಬೆಲ್ ರೋಗ ಇಲ್ಲ. ನಿನಗೆ ಪದಕ ಸಿಗುತ್ತೆ. ನನ್ನನ್ನ ಮುಂದೆ ಕೂರಿಸ್ಕೊಂಡ್ರೆ ಇದ್ದದ್ದೂ ಹೋಗುತ್ತೆ.’

‘ಆ ಹುಡುಗಿ ಜೊತೆ ಎರಡು ಸಲ ಅಭ್ಯಾಸ ಮಾಡಿದ್ದೀನಿ, ನಿನಗೆ ಗೊತ್ತಲ್ಲ. ತುಂಬಾ ಒಳ್ಳೇವಳು. ತಿರುವು ಬಂದ್ರೆ “ಅಕ್ಕಾ, ಹುಷಾರು” ಅಂತಾಳೆ. ನಾನು ಕಾಲು ತಪ್ಪಿಸಿದ್ರೆ “ಪರವಾಗಿಲ್ಲ ಅಕ್ಕಾ” ಅಂತಾಳೆ. ಹುಟ್ಟಿದಾಗಿಂದ ಕೇಳಿದ್ದೀನಿ ಅತ್ತಿಗೆ, ಈ ಪರವಾಗಿಲ್ಲ. ಅಮ್ಮ, ಅಣ್ಣ, ಆಸ್ಪತ್ರೆಯವರು, ಬೀದಿಯವರು, ಎಲ್ಲಾ ಪರವಾಗಿಲ್ಲ. ನನ್ನ ಕೈಲಿ ಆಗುತ್ತೆ ಅಂತ ನಂಬಿ ಬೈಯೋಳು ನೀನೊಬ್ಬಳೇ. ನೀನು ಮುಂದೆ ಕೂತು ಬೈತಾ ಇದ್ರೆ ನಾನೂ ನಾಲ್ಕು ಜನರ ಹಾಗೆ ಅನ್ನಿಸುತ್ತೆ. ಪದಕ ಬೇಕು, ಇಲ್ಲ ಅನ್ನಲ್ಲ. ಆದ್ರೆ ಪರವಾಗಿಲ್ಲ ಅನ್ನಿಸ್ಕೊಂಡು ಬೇಡ.’

ಡ್ರೈವರಮ್ಮ ಮೂಗು ಒರೆಸಿಕೊಂಡಳು. ‘ಬೆಳಗ್ಗೆ ಏಳನೇ ಸುತ್ತಲ್ಲಿ ನಿದ್ದೆ ಮಾಡ್ತಿದ್ದೆಯೇನೇ? ಕಾಲು ಅಷ್ಟು ಭಾರ?’ ಎಂದಳು.

‘ಹಾಂ, ಹೀಗೆ’ ಎಂದಳು ನಾದಿನಿ. ‘ಬೆಲ್ಲಿಗೆ ಒಂದು ಉಪಾಯ ಇದೆ. ಬೆಲ್ ಹೊಡೆದ ತಕ್ಷಣ ನಾನು ಹಿಂದಿನಿಂದ ರೈಟ್ ಅಂತೀನಿ. ನಿನ್ನ ಕಾಲಿಗೆ ಆ ಭಾಷೆ ಬರುತ್ತಲ್ಲ.’

ವೈದ್ಯರು ಬಾಗಿಲು ತೆರೆದು ಬಂದಾಗ ಇಬ್ಬರೂ ಏಳನೆಯ ಸುತ್ತಿನ ಬಗ್ಗೆ ಜಗಳವಾಡುತ್ತಿದ್ದರು. ಮಂಡಿ ನೋವು ವಾಸಿಯಾಯಿತೆಂದು ನಾದಿನಿಯೇ ಹೇಳಿ ಅವರನ್ನು ಕಳಿಸಿದಳು. ಮೇಷ್ಟ್ರು ಏನನ್ನೂ ಕೇಳಲಿಲ್ಲ. ಜಗಳದ ಸದ್ದು ಕೇಳಿಯೇ ಅವರ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು.

ಸಂಜೆ ಕ್ರೀಡಾಂಗಣ ತುಂಬಿತ್ತು. ಎದುರು ಕಡೆ ನಿಂತ ಜೋಡಿ ಬೆಳಗ್ಗೆ ಮೂರನೆಯದಾಗಿ ಬಂದ ಹೊರದೇಶದ ಅಕ್ಕತಂಗಿಯರು. ಪಿಸ್ತೂಲು ಸಿಡಿಯಿತು, ಹೊರಟರು. ಭಾರದ ಸೈಕಲು ಮೊದಲು ಮುಲುಗುತ್ತಾ ಎದ್ದು, ಆಮೇಲೆ ಹಲಗೆಯ ಮೇಲೆ ಗುಂಯ್‌ಗುಡತೊಡಗಿತು. ಡ್ರೈವರಮ್ಮ ಟ್ರ್ಯಾಕಿನ ಉದ್ದಕ್ಕೂ ಎಳೆದಿದ್ದ ಕಪ್ಪು ಗೆರೆಯನ್ನು ಕಣ್ಣಿನಿಂದ ಕಚ್ಚಿ ಹಿಡಿದಳು. ನಾಲ್ಕನೆಯ ಸುತ್ತಿನವರೆಗೂ ಬೈದಳು. ಆಮೇಲೆ ಬೈಯಲು ಉಸಿರು ಸಾಲದಾಯಿತು, ಬೈಯುವ ಅಗತ್ಯವೂ ಇರಲಿಲ್ಲ. ಹಿಂದಿನ ಕಾಲು ಅವಳ ಕಾಲಿನ ಜೊತೆ ಒಂದೇ ದೇಹದ್ದೆಂಬಂತೆ ತಿರುಗುತ್ತಿತ್ತು. ಗೆರೆಯ ಪಕ್ಕದಲ್ಲಿ ಮೇಷ್ಟ್ರು ಪ್ರತಿ ಸುತ್ತಿಗೂ ಮುಂದಿದ್ದೀರೋ ಹಿಂದಿದ್ದೀರೋ ಎಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದರು. ಎಂಟನೆಯ ಸುತ್ತಿಗೆ ಹಿಂದಿದ್ದರು, ಹತ್ತಕ್ಕೆ ಸಮಸಮ ಬಂದರು, ಹನ್ನೊಂದರ ನಡುವೆ ಮತ್ತೆ ಕೂದಲೆಳೆಯಷ್ಟು ಹಿಂದೆ ಬಿದ್ದರು.

ಬೆಲ್ ಹೊಡೆಯಿತು.

ಕಾಲಿನಲ್ಲಿ ಅದೇ ಸಡಿಲ ಏಳಲು ಶುರುವಾದದ್ದು ಅವಳಿಗೆ ಗೊತ್ತಾಯಿತು. ಹಿಂದಿನಿಂದ ‘ರೈಟ್’ ಬರಬೇಕು. ಬರಲಿಲ್ಲ. ಬಂದದ್ದು ಒಂದು ಗೊರಗೊರ ಸದ್ದು ಮಾತ್ರ. ಒಂದು ಮಾತಿಗೆ ಬೇಕಾದ ಉಸಿರನ್ನೂ ಉಳಿಸಿಕೊಳ್ಳದೆ, ಇದ್ದಬದ್ದದ್ದನ್ನೆಲ್ಲ ನಾದಿನಿ ಕಾಲಿಗೆ ಕೊಟ್ಟುಬಿಟ್ಟಿದ್ದಳು. ಅದು ಹೊಳೆದ ಗಳಿಗೆಯಲ್ಲೇ ಡ್ರೈವರಮ್ಮನ ಬಾಯಿ ತೆರೆಯಿತು. ಇಪ್ಪತ್ತು ವರ್ಷದಿಂದ ಬೇರೆಯವರು ಕೂಗಿದರೆ ಹೊರಡುತ್ತಿದ್ದವಳು, ಜೀವನದಲ್ಲಿ ಮೊದಲ ಸಲ ತಾನೇ ಕೂಗಿದಳು.

‘ರೈಟ್! ರೈಟ್! ರೈಟ್!’

ಮೊದಲ ಸಾಲಿನ ಪ್ರೇಕ್ಷಕರಿಗೂ ಅದು ಕೇಳಿಸಿತಂತೆ. ಮೇಲಿನ ಸಾಲಿನ ಕಂಡಕ್ಟರಿಗೆ ಕೇಳಿಸಿತೋ ಇಲ್ಲವೋ, ಅವನೂ ಎದ್ದು ನಿಂತು ಡಿಪೋದವರನ್ನೆಲ್ಲ ಸೇರಿಸಿಕೊಂಡು ಅದನ್ನೇ ಕೂಗಿದ. ಕಾಲು ಇಳಿಯಿತು. ಎಲ್ಲೋ ತಳದಲ್ಲಿ ಉಳಿದಿದ್ದ ಬಲವನ್ನೂ ಬಳಿದುಕೊಂಡು ಇಳಿಯಿತು. ಕೊನೆಯ ತಿರುವಿನಲ್ಲಿ ಸೈಕಲು ಗೋಡೆಗೆ ಅಂಟಿದ ಹಾಗೆ ಹೋಯಿತು. ಈ ಕಡೆ ಗೆರೆ ದಾಟಿದರು, ಆ ಕಡೆ ಅಕ್ಕತಂಗಿಯರೂ ಗೆರೆ ದಾಟಿದರು, ಯಾರು ಮೊದಲೆಂದು ಬರಿಗಣ್ಣಿಗೆ ಗೊತ್ತಾಗಲಿಲ್ಲ.

ಬ್ರೇಕಿಲ್ಲದ ಸೈಕಲು ಕೂಡಲೇ ನಿಲ್ಲುವುದಿಲ್ಲ. ವೇಗ ತಾನಾಗಿ ಇಳಿಯುವವರೆಗೆ ಸುತ್ತುತ್ತಲೇ ಇರಬೇಕು. ತಿರುವಿನ ಮೇಲೆ ನೇತುಹಾಕಿದ್ದ ದೊಡ್ಡ ಫಲಕದಲ್ಲಿ ಅಕ್ಷರಗಳು ಬದಲಾಗಿ ನಿಂತವು. ಡ್ರೈವರಮ್ಮ ಓದಿದಳು, ಮತ್ತೊಂದು ಸಲ ಓದಿದಳು. ಜನರೆಲ್ಲ ಒಟ್ಟಿಗೆ ಕೂಗುತ್ತಿದ್ದರು, ಯಾರಿಗಾಗಿ ಕೂಗುತ್ತಿದ್ದಾರೆಂದು ಆ ಗದ್ದಲದಲ್ಲಿ ತಿಳಿಯುವಂತಿರಲಿಲ್ಲ.

‘ಅತ್ತಿಗೆ, ಏನಾಯ್ತು?’ ನಾದಿನಿಗೆ ಈಗ ಉಸಿರು ಬಂದಿತ್ತು.

ಊರನ್ನೆಲ್ಲ ಬೈದ ಬಾಯಿ ಕಟ್ಟಿಹೋಗಿತ್ತು. ನಾದಿನಿ ಒಂದು ಕೈ ಚಾಚಿ ಅವಳ ಬೆನ್ನ ಮೇಲಿಟ್ಟಳು. ಬೆನ್ನು ಗಡಗಡ ನಡುಗುತ್ತಿತ್ತು, ಅತ್ತಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾದಿನಿ ಆ ಬೆನ್ನನ್ನು ಮೆಲ್ಲಗೆ ತಟ್ಟಿದಳು.

‘ಹೋಗ್ಲಿ ಬಿಡು. ನಾಲ್ಕನೇ ಸ್ಥಾನವೂ ಸ್ಥಾನಾನೇ. ನೀನು ಚೆನ್ನಾಗೇ ಓಡಿಸಿದೆ. ಬಾ, ಮನೆಗೆ ಹೋಗಿ ಬಿಸಿ ಬಿಸಿ ಉಣ್ಣೋಣ. ನಾನೇ ಬಡಿಸ್ತೀನಿ.’

‘ಮೂರನೇದು ಕಣೇ’ ಎಂದಳು ಡ್ರೈವರಮ್ಮ, ಬಿಕ್ಕುಗಳ ನಡುವೆ. ‘ಕಂಚು ನಮ್ದು. ಫಲಕದ ಮೇಲೆ ಹಾಕಿದ್ದಾರೆ. ನಿನ್ನ ಹೆಸರೂ ಇದೆ, ನನ್ನದೂ ಇದೆ.’

ಬೆನ್ನ ಮೇಲಿನ ಕೈ ಅಂಗಿಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ಸುತ್ತಿನಷ್ಟು ಹೊತ್ತು ಹಾಗೇ ನಿಂತಿತ್ತು. ಆಮೇಲೆ ಮೂಗು ಸೇದಿಕೊಂಡ ಸದ್ದು ಕೇಳಿಸಿತು. ಅದರ ಹಿಂದೆಯೇ, ಡ್ರೈವರಮ್ಮನನ್ನು ಈ ಜನ್ಮದಲ್ಲಿ ಯಾರೂ ಬೈಯದಷ್ಟು ಗಟ್ಟಿಯಾಗಿ ಬೈಗುಳ ಬಂತು.

‘ಹಾಗಿದ್ಮೇಲೆ ಅಳೋದ್ಯಾಕೆ? ಕಣ್ಣಲ್ಲಿ ನೀರು ತುಂಬ್ಕೊಂಡು ಬ್ರೇಕಿಲ್ಲದ ಸೈಕಲ್ ಓಡಿಸ್ತಾರಾ ಯಾರಾದ್ರೂ? ಮುಂದೆ ನೋಡು ಅತ್ತಿಗೆ.’

ಡ್ರೈವರಮ್ಮ ಕಣ್ಣು ಒರೆಸಿಕೊಂಡು ಮುಂದೆ ನೋಡಿದಳು.